ಕಾರಿಗೆ ಬಲ ತುಂಬುವ ಮುನ್ನ ಬ್ಲಾಕ್ ನೋಡಿ

ಜೋಗೇಶ್ವರಿ: ಅಪ್ಪ ಎರಡು ದಶಕದ ಹಿಂದೆ ಕೊಂಡ ಫೋರ್ಡ್ ಐಕಾನ್, ಹೋಂಡಾ ಸಿಟಿಯಂತಹ ಕಾರುಗಳನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಮುಂಬಯಿ ಕನ್ನಡಿಗರ ಮನೆಗಳು ಈಗಲೂ ಇವೆ. ಅಂಥ ಮನೆಯ ಮಗನಿಗೆ ಹಳೆ ಕಾರಿಗೆ ಸೂಪರ್‌ಚಾರ್ಜರ್ ಕೂರಿಸುವ ಆಸೆ ಹುಟ್ಟುವುದುಂಟು. ಜೋಗೇಶ್ವರಿ ಪಶ್ಚಿಮದ ಗ್ಯಾರೇಜಿಗೆ ಕಾರು ಒಯ್ದು ರೇಟು ಕೇಳುವ ಮೊದಲು ಅವನು ಕೇಳಬೇಕಾದ ಪ್ರಶ್ನೆ ಒಂದೇ: ಇಂಜಿನ್ನಿನ ಬ್ಲಾಕ್ ತಡೆದೀತೇ?

ಸೂಪರ್‌ಚಾರ್ಜರ್ ಎಂದರೆ ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಮೂಲಕ ತಿರುಗುವ ಗಾಳಿ ಪಂಪು. ಅದು ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲು, ಒತ್ತಡ, ಶಾಖ ಎಲ್ಲವೂ ಹೆಚ್ಚುತ್ತವೆ. ಪಿಸ್ಟನ್, ಗ್ಯಾಸ್ಕೆಟ್ ಕೆಟ್ಟರೆ ಬದಲಿಸಬಹುದು. ಬ್ಲಾಕ್ ಬಿರುಕು ಬಿಟ್ಟರೆ ಇಂಜಿನ್ನೇ ಹೋದಂತೆ.

1999ರಲ್ಲಿ ಭಾರತಕ್ಕೆ ಬಂದ ಐಕಾನ್‌ನ 1.6 ಲೀಟರ್ ರೊಕಾಮ್ ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು. ಇದೇ ರೊಕಾಮ್ ಕುಟುಂಬದ 1.0 ಲೀಟರ್ ಇಂಜಿನ್ನಿಗೆ ಬ್ರೆಜಿಲ್‌ನಲ್ಲಿ ಫೋರ್ಡ್ ಕಂಪೆನಿ ತಾನೇ ಸೂಪರ್‌ಚಾರ್ಜರ್ ಜೋಡಿಸಿ 2002ರಲ್ಲಿ ಫಿಯೆಸ್ಟಾ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಹಳೆಯ ಸಿಟಿಯ 1.5 ವಿಟೆಕ್ ಇಂಜಿನ್ನಿನದು ಅಲ್ಯೂಮಿನಿಯಂ ಬ್ಲಾಕ್, ಒಳಗೆ ಕಬ್ಬಿಣದ ಸ್ಲೀವ್. ತೂಕ ಹಗುರ, ಓಟ ಚುರುಕು. ಆದರೆ ಸ್ಲೀವುಗಳ ಮೇಲ್ತುದಿಗೆ ಸುತ್ತಲಿನ ಲೋಹದ ಆಸರೆ ಇಲ್ಲ. ಒತ್ತಡ ಮಿತಿಮೀರಿದರೆ ಅವು ಅಲುಗಿ ಗ್ಯಾಸ್ಕೆಟ್ ಸುಡುತ್ತದೆ. ಹೆಚ್ಚು ಒತ್ತಡಕ್ಕೆ ಬೀಡು ಕಬ್ಬಿಣವೇ ವಾಸಿ ಎನ್ನುವುದು ಇದಕ್ಕಾಗಿ.

ಹಾಗೆಂದು ಕಬ್ಬಿಣವೆಂದ ಮಾತ್ರಕ್ಕೆ ನಂಬುವಂತಿಲ್ಲ. ಒಂದೆರಡು ಸಲ ಬೋರಿಂಗ್ ಆದ ಬ್ಲಾಕಿನಲ್ಲಿ ಸಿಲಿಂಡರಿನ ಗೋಡೆ ತೆಳುವಾಗಿರುತ್ತದೆ. ಕೂಲಂಟ್ ಬದಲು ವರ್ಷಗಟ್ಟಲೆ ನಳ್ಳಿ ನೀರು ಸುರಿದಿದ್ದರೆ ನೀರಿನ ದಾರಿಯೊಳಗೆ ತುಕ್ಕು ಹಿಡಿದಿರುತ್ತದೆ. ಬೋರಿನ ಅಳತೆ, ಮೇಲ್ಮೈಯ ಸಮತಟ್ಟು, ಬಿರುಕಿನ ಪರೀಕ್ಷೆ, ನೀರಿನ ದಾರಿಗೆ ಪ್ರೆಶರ್ ಟೆಸ್ಟ್, ಈ ನಾಲ್ಕನ್ನೂ ಮಾಡಿಸದೆ ಮುಂದಡಿ ಇಡಬಾರದು. ಗಣೇಶ ಚೌತಿಗೆಂದು ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೊರಟ ಕಾರು ಕಶೇಡಿ ಘಾಟಿಯಲ್ಲಿ ಹೊಗೆ ಉಗುಳಿದರೆ ಆಮೇಲೆ ಪಶ್ಚಾತ್ತಾಪಪಟ್ಟು ಫಲವಿಲ್ಲ.

ಹಳೆಯದು ಸರಿಯಿಲ್ಲವೆಂದು ಬೇರೆ ಬ್ಲಾಕ್ ತಂದು ಹಾಕುವವರು ಇನ್ನೊಂದು ವಿಷಯ ಮರೆಯುತ್ತಾರೆ. ಇಂಜಿನ್ ನಂಬರ್ ಕೆತ್ತಿರುವುದು ಬ್ಲಾಕ್ ಮೇಲೆಯೇ. ಬ್ಲಾಕ್ ಬದಲಾದರೆ ಆರ್‌ಸಿ ಪುಸ್ತಕದಲ್ಲಿರುವ ನಂಬರ್ ತಾಳೆಯಾಗದು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಈ ತೊಡಕು ಎದುರಾಗುತ್ತದೆ. ಇಂಜಿನ್ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು. ಬ್ಲಾಕ್ ಕೊಂಡದ್ದಕ್ಕೆ ಬಿಲ್ಲೂ ಕೈಯಲ್ಲಿರಬೇಕು.

ಸೂಪರ್‌ಚಾರ್ಜರ್ ವಿಷಯದಲ್ಲಂತೂ ಕಾನೂನು ಇನ್ನೂ ಬಿಗಿ. ತಯಾರಕರು ನೀಡಿದ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪಘಾತವಾದರೆ ವಿಮೆ ಕಂಪೆನಿ ತಕರಾರು ತೆಗೆಯಲು ಇದೊಂದೇ ಕಾರಣ ಸಾಕು.

ಆದುದರಿಂದ ರಸ್ತೆಗಿಳಿಯುವ ಕಾರಿನ ಮಟ್ಟಿಗೆ ಮೊದಲು ಆರ್‌ಟಿಓದಲ್ಲಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗುವುದು ಲೇಸು. ಒಪ್ಪಿಗೆ ಸಿಗದಿದ್ದರೆ ಸೂಪರ್‌ಚಾರ್ಜರಿನ ಆಸೆಯನ್ನು ರೇಸಿಂಗ್ ಟ್ರ್ಯಾಕಿನ ಕಾರಿಗೆ ಬಿಟ್ಟುಬಿಡಬೇಕು. ಅಪ್ಪನ ಕಾರಿಗೆ ಅದರದೇ ಗಟ್ಟಿ ಬ್ಲಾಕ್ ಉಳಿಸಿಕೊಂಡು ಇಂಜಿನ್ ಕೆಲಸ ಮಾಡಿಸಿದರೆ, ಅದು ಇನ್ನೂ ಹಲವು ಸಲ ಊರಿನ ದಾರಿ ಕಂಡೀತು.