ಬಾಂಬೆ ರಕ್ತ ತೋರಿಸಿಕೊಟ್ಟ ಪ್ರೋಟೀನ್

ಮುಂಬೈನ ವೈದ್ಯ ವೈ.ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದುವರೆಗೆ ಕಾಣದ ರಕ್ತವೊಂದನ್ನು ವರ್ಣಿಸಿದರು. ಪರೀಕ್ಷೆಯಲ್ಲಿ ಓ ಗುಂಪಿನಂತೆ ಕಂಡರೂ, ಎಲ್ಲರಿಗೂ ಸಲ್ಲುತ್ತದೆಂದು ನಂಬಿದ್ದ ಓ ರಕ್ತವನ್ನೂ ಅದು ಒಪ್ಪುತ್ತಿರಲಿಲ್ಲ. ಎ, ಬಿ ಗುರುತುಗಳಿಗೆ ಬುನಾದಿಯಾದ ‘ಎಚ್’ ಎಂಬ ಸಕ್ಕರೆ ರಚನೆಯೇ ಅದರಲ್ಲಿರಲಿಲ್ಲ. ಭಾರತದಲ್ಲಿ ಸುಮಾರು 10,000 ಮಂದಿಗೆ ಒಬ್ಬರಲ್ಲಿರುವ ಈ ‘ಬಾಂಬೆ ಗುಂಪು’ ಎಂದೊಡನೆ ದಾನಿಗಾಗಿ ನಡೆಯುವ ಪರದಾಟವೇ ನೆನಪಾಗುತ್ತದೆ. ಅದು ಸಹಜ. ಆದರೆ ರಕ್ತದ ಗುಂಪು ಕೆಂಪು ಕಣಗಳ ಮೇಲಿನ ಬರೀ ಗುರುತಲ್ಲ, ಪ್ಲಾಸ್ಮಾದ ಮುಖ್ಯ ಪ್ರೋಟೀನೊಂದರ ಆಯುಷ್ಯದ ಮೇಲೂ ಅದು ಪ್ರಭಾವ ಬೀರುತ್ತದೆ ಎಂಬುದಕ್ಕೆ ಈ ರಕ್ತ ಸಾಕ್ಷಿಯಾಯಿತು. ಆ ಶೋಧದ ಈ ಫಲವೂ ಸಣ್ಣದಲ್ಲ.

ಆ ಪ್ರೋಟೀನೇ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಂಡ್ ದ್ವೀಪಗಳ ಒಂದು ಕುಟುಂಬದ ರಕ್ತಸ್ರಾವದ ಕಾಯಿಲೆಯನ್ನು ವರದಿ ಮಾಡಿದರು. ಅದರ ಹಿಂದಿನ ಕೊರತೆ ಯಾವುದೆಂದು ತಿಳಿದದ್ದು ದಶಕಗಳ ನಂತರ. ರಕ್ತನಾಳ ಗಾಯಗೊಂಡಾಗ ಪ್ಲೇಟ್‌ಲೆಟ್‌ಗಳನ್ನು ಅಲ್ಲಿಗೆ ಅಂಟಿಸುವುದು, ಹಿಮೋಫಿಲಿಯಾದಲ್ಲಿ ಕೊರತೆಯಾಗುವ ಎಂಟನೇ ಫ್ಯಾಕ್ಟರನ್ನು ಹೊತ್ತು ಕಾಯುವುದು, ಎರಡೂ ಇದರ ಕೆಲಸ. ಕಡಿಮೆಯಾದರೆ ರಕ್ತ ನಿಲ್ಲದು. ಹೆಚ್ಚಾದರೆ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಅಪಾಯ. 1987ರಲ್ಲಿ ಅಮೆರಿಕದಲ್ಲಿ 1,117 ದಾನಿಗಳನ್ನು ಪರೀಕ್ಷಿಸಿದಾಗ ಇದರ ಸರಾಸರಿ ಮಟ್ಟ ಓ ಗುಂಪಿನಲ್ಲಿ ಸುಮಾರು 75, ಎಬಿ ಗುಂಪಿನಲ್ಲಿ 123 ಯೂನಿಟ್ ಬಂತು.

ಜೊತೆಗೆ ಕಂಡದ್ದೆಲ್ಲ ಕಾರಣವಾದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಬಾಂಬೆ ಗುಂಪಿನಿಂದಲೇ ಸಿಕ್ಕಿತು. ಎ, ಬಿ, ಎಚ್ ಸಕ್ಕರೆಗಳು ಈ ಪ್ರೋಟೀನಿನ ಮೈಮೇಲೂ ಇರುತ್ತವೆ. ಎಚ್ ಕೂಡ ಇಲ್ಲದ ಬಾಂಬೆ ಗುಂಪಿನವರಲ್ಲಿ ಅದರ ಮಟ್ಟ ತಗ್ಗಿರುತ್ತದೆ, ಅದನ್ನು ಕತ್ತರಿಸುವ ಕಿಣ್ವಕ್ಕೂ ಅದು ಬೇಗ ತುತ್ತಾಗುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಹಾಗಿದ್ದರೆ ಇವರೆಲ್ಲ ರೋಗಿಗಳೇ? ಅಲ್ಲ. ಮಟ್ಟ ತಗ್ಗಿರುವುದೇ ಕಾಯಿಲೆಯಲ್ಲ. ಅದನ್ನು ರಕ್ತಸ್ರಾವದ ಇತಿಹಾಸ, ಮನೆತನದ ಹಿನ್ನೆಲೆಯ ಜೊತೆಗಿಟ್ಟು ಓದಬೇಕು. ಆ ಇತಿಹಾಸವನ್ನು ನಾವು ಹೇಳಿಕೊಳ್ಳುವುದೇ ಕಡಿಮೆ, ಹೆಣ್ಣುಮಕ್ಕಳಂತೂ ಅತಿಯಾದ ಮುಟ್ಟಿನ ಸ್ರಾವವನ್ನು ಮಾಮೂಲೆಂದು ಸಹಿಸಿಬಿಡುತ್ತಾರೆ. ಅಂಥ ಸ್ರಾವವಿದ್ದರೆ, ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಲ್ಲದಿದ್ದರೆ, ಈ ಪ್ರೋಟೀನಿನ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮುಂಬೈನವರಿಗೆ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ರಕ್ತದ ಇಂಥ ಕಾಯಿಲೆಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ.