ಎರಡು ಅಕ್ಷರಗಳ ತಪ್ಪು

ತುರುವೇಕೆರೆಯ ಸೀಮೆಯಲ್ಲಿ ತೋಟ ಮಾಡುವವರು ಬೀಜದ ಕಾಯಿಯನ್ನು ಆರಿಸುವ ಕ್ರಮವನ್ನು ಪಟ್ಟಣವಾಸಿಗಳಾದ ವಾಚಕರಲ್ಲಿ ಎಷ್ಟು ಮಂದಿ ಕಂಡಿರುವರೋ ನಾನರಿಯೆ. ವರ್ಷವರ್ಷವೂ ತಪ್ಪದೆ ಗೊನೆ ಬಿಡುವ, ಗಟ್ಟಿಮುಟ್ಟಾದ, ನಡುವಯಸ್ಸಿನ ಮರವೊಂದನ್ನು ಗುರುತಿಟ್ಟು, ಅದನ್ನು ತಾಯಿಮರವೆಂದು ಕರೆದು, ಅದರ ಕಾಯಿಯನ್ನೇ ಸಸಿಗೆ ಇಡುತ್ತಾರೆ. ತಾಯಿಮರದ ಗುಣಗಳನ್ನು ಬಾಯಿತುಂಬ ವರ್ಣಿಸುವ ರೈತನನ್ನು ತಂದೆಮರ ಯಾವುದೆಂದು ಕೇಳಿದರೆ ನಕ್ಕುಬಿಡುತ್ತಾನೆ. ನಮ್ಮ ಕಡೆಯ ಎತ್ತರದ ತಳಿಯ ತೆಂಗಿನಲ್ಲಿ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇದ್ದರೂ, ಗಂಡು ಹೂವು ಮೊದಲೇ ಅರಳಿ ಉದುರಿಹೋಗುತ್ತದೆ. ಹೆಣ್ಣು ಹೂವು ಸಿದ್ಧವಾಗುವ ಹೊತ್ತಿಗೆ ಪರಾಗವು ಬಹುಮಟ್ಟಿಗೆ ಬೇರೊಂದು ಮರದಿಂದಲೇ ಬರಬೇಕು. ಆ ಮರ ಯಾವ ತೋಟದ್ದೆಂಬುದು ಗಾಳಿಗೂ ಜೇನುನೊಣಕ್ಕೂ ಮಾತ್ರ ಗೊತ್ತು.

ಮನೆತನದ ಕಾಯಿಲೆಗಳ ವಿಚಾರದಲ್ಲಿ ನಾವೂ ಈ ರೈತನಂತೆಯೇ ನಡೆದುಕೊಳ್ಳುತ್ತೇವೆ. ಹೆಂಗಸೊಬ್ಬಳಿಗೆ ಸ್ತನದ ಕ್ಯಾನ್ಸರ್ ಬಂದಿತೆಂದರೆ, “ಅವಳ ತಾಯಿಗೆ ಇತ್ತೆ? ಅಜ್ಜಿಗೆ ಇತ್ತೆ?” ಎಂದು ಕೇಳುವ ನೆಂಟರಲ್ಲಿ, “ಅವಳ ಸೋದರತ್ತೆಗೆ ಇತ್ತೆ?” ಎಂದು ಕೇಳುವವರು ವಿರಳ. ನಾನೂ ಕೇಳಿರಲಿಲ್ಲ. ಕೇಳಬೇಕಾಗಿ ಬಂದ ಪ್ರಸಂಗವನ್ನು ಇಲ್ಲಿ ಹೇಳಲು ನಮ್ಮ ಮನೆಯವರ ಒಪ್ಪಿಗೆ ಪಡೆದಿದ್ದೇನೆ.

ನನ್ನ ತಂದೆಗೆ ಇಬ್ಬರು ಅಕ್ಕತಂಗಿಯರು. ದೊಡ್ಡತ್ತೆ 43ನೆಯ ವಯಸ್ಸಿನಲ್ಲಿ ಎದೆಯ ಗಂಟಿನಿಂದ ತೀರಿಕೊಂಡರು. ಚಿಕ್ಕತ್ತೆಗೆ 50 ದಾಟಿದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಲಾರಂಭಿಸಿತು. ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವ ವೇಳೆಗೆ ಕಾಲ ಮೀರಿತ್ತು. ಒಬ್ಬರದು ಎದೆ, ಇನ್ನೊಬ್ಬರದು ಹೊಟ್ಟೆ. ಎರಡಕ್ಕೂ ಸಂಬಂಧವುಂಟೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಆಮೇಲೆ ಚಿಕ್ಕತ್ತೆಯ ಮಗಳು, 38 ವರ್ಷದವಳು, ಎರಡು ಮಕ್ಕಳ ತಾಯಿ, ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಅವರೆಕಾಳಿನಷ್ಟು ಗಂಟನ್ನು ಕಂಡಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿನ ವೈದ್ಯರು ಹಾಳೆಯೊಂದನ್ನು ಮುಂದಿಟ್ಟು, “ನಿಮ್ಮ ಮನೆತನದವರನ್ನೆಲ್ಲ ಬರೆಯಿರಿ, ಎರಡೂ ಕಡೆಯವರನ್ನು” ಎಂದರಂತೆ. ಅವಳ ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ ಬಿ.ಆರ್.ಸಿ.ಎ.-1 ಎಂಬ ವಂಶವಾಹಿಯಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿವೆ ಎಂದಿತ್ತು. ವರದಿಯನ್ನು ಅವಳು ನನಗೆ ತಂದು ತೋರಿಸಿದಳು. “ನೀನು ಓದಿದವನು, ಮಾವನಿಗೆ ನೀನೇ ಹೇಳು” ಎಂದಳು. ಅವಳಿಗೆ ಮಾವ ಎಂದರೆ ನನ್ನ ತಂದೆ.

ನಾನು ಓದಿದ್ದು ಕನ್ನಡ. ಆದರೂ ಎರಡು ಅಕ್ಷರ ಬಿಟ್ಟುಹೋಗಿದೆ ಎಂಬ ಮಾತು ನನಗೆ ಅಪರಿಚಿತವಾಗಿ ಕೇಳಿಸಲಿಲ್ಲ. ಓಲೆಯ ಪ್ರತಿಗಳನ್ನಿಟ್ಟುಕೊಂಡು ಗ್ರಂಥಸಂಪಾದನೆ ಮಾಡುವವರು ನಿತ್ಯವೂ ಕಾಣುವ ಸಂಗತಿ ಇದು. ಒಂದೇ ಅಕ್ಷರಗಳು ಒತ್ತೊತ್ತಾಗಿ ಎರಡು ಬಾರಿ ಬಂದ ಕಡೆ ಲಿಪಿಕಾರನ ಕಣ್ಣು ಜಾರಿ, ಒಂದನ್ನು ಬಿಟ್ಟು ಮುಂದಕ್ಕೆ ಬರೆದುಬಿಡುತ್ತಾನೆ. ದೇಹದ ಗ್ರಂಥವಾದ ಡಿ.ಎನ್.ಎ.ಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಬಿ.ಆರ್.ಸಿ.ಎ.-1ರ ಆರಂಭದ ಭಾಗದಲ್ಲಿ ‘ಎಜಿಎಜಿ’ ಎಂದು ಬರುವ ಒಂದು ಸ್ಥಳವುಂಟು. ನಮ್ಮ ಮನೆತನದ ಪ್ರತಿಯಲ್ಲಿ ಅಲ್ಲಿ ಒಂದೇ ‘ಎಜಿ’ ಇದೆ. ಓಲೆಗರಿಯ ಲಿಪಿಕಾರ ಮಾಡುವ ತಪ್ಪೇ!

ಇದರಿಂದ ಆಗುವ ಅನರ್ಥವೇನು? ಜೀವಕೋಶವು ಈ ಅಕ್ಷರಗಳನ್ನು ಮೂರುಮೂರಾಗಿ ಓದುತ್ತದೆ. “ತೆಂಗಿನ ಮರದ ನೆರಳು ಮನೆಗೆ ಬಂದಿತು” ಎಂಬ ವಾಕ್ಯದಲ್ಲಿ ಪ್ರತಿ ಪದಕ್ಕೂ ಮೂರು ಅಕ್ಷರ. ‘ಮರ’ ಎಂಬ ಎರಡನ್ನು ತೆಗೆದು, ಉಳಿದದ್ದನ್ನು ಮತ್ತೆ ಮೂರುಮೂರಾಗಿ ಓದಿದರೆ “ತೆಂಗಿನ ದನೆರ ಳುಮನೆ ಗೆಬಂದಿ ತು” ಎಂದಾಗುತ್ತದೆ. ತಪ್ಪಿದ್ದು ಒಂದು ಕಡೆ, ಕೆಟ್ಟದ್ದು ಅಲ್ಲಿಂದ ಮುಂದಿನದೆಲ್ಲ. ಸಾವಿರದ ಎಂಟುನೂರಕ್ಕೂ ಮೇಲ್ಪಟ್ಟು ಕೊಂಡಿಗಳಿರಬೇಕಾದ ಪ್ರೋಟೀನು ಆರಂಭದಲ್ಲಿಯೇ ತುಂಡಾಗಿ ನಿಂತುಬಿಡುತ್ತದೆ. ಆ ಪ್ರೋಟೀನಿನ ಕೆಲಸವಾದರೂ ಏನು? ಮುರಿದ ಡಿ.ಎನ್.ಎ. ಎಳೆಗಳನ್ನು ಸರಿಪಡಿಸುವುದು, ಪತ್ರಿಕೆಯ ಕಚೇರಿಯಲ್ಲಿ ಕರಡಚ್ಚು ತಿದ್ದುವವರ ಕೆಲಸವೆಂದರೂ ಆದೀತು. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಪ್ರತಿಗಳಿರುವುದರಿಂದ, ಒಂದು ಕೆಟ್ಟರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟ ದಿನ, ತಿದ್ದುವವರಿಲ್ಲದ ಅಚ್ಚುಕೂಟದಂತೆ ತಪ್ಪಿನ ಮೇಲೆ ತಪ್ಪು ಸೇರತೊಡಗುತ್ತದೆ. ಕಣ್ಣಿನ ಒಂದು ಬಗೆಯ ಕ್ಯಾನ್ಸರನ್ನು ಅಭ್ಯಾಸ ಮಾಡಿ ಈ ಎರಡು ಪೆಟ್ಟುಗಳ ಸಿದ್ಧಾಂತವನ್ನು 1971ರಲ್ಲಿ ಮುಂದಿಟ್ಟವನು ಅಮೆರಿಕದ ಆಲ್ಫ್ರೆಡ್ ನಡ್ಸನ್.

ಕ್ಯಾನ್ಸರು ಕೆಲವು ಮನೆತನಗಳನ್ನು ಹಿಡಿದು ಬರುತ್ತದೆಂಬ ಅನುಮಾನ ಮಾತ್ರ ಬಹು ಹಳೆಯದು. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲಿಯೇ ತನ್ನ ಪತ್ನಿಯ ಕುಟುಂಬದ ಹಲವು ತಲೆಮಾರುಗಳಲ್ಲಿ ಸ್ತನದ ಕ್ಯಾನ್ಸರ್ ಮರುಕಳಿಸಿದ್ದನ್ನು ಬರೆದಿಟ್ಟಿದ್ದ. ಆದರೆ ಅದು ರಕ್ತದಲ್ಲಿ ಬಂದದ್ದೋ, ಒಂದೇ ಮನೆಯ ಊಟ ಉಪಚಾರಗಳಿಂದ ಬಂದದ್ದೋ ಎಂಬ ವಾದ ಮುಗಿಯಲಿಲ್ಲ. ಮೇರಿ-ಕ್ಲೇರ್ ಕಿಂಗ್ ಎಂಬ ಮಹಿಳೆ ವರ್ಷಗಟ್ಟಲೆ ಕುಟುಂಬಗಳನ್ನು ಬೆನ್ನು ಹತ್ತಿ, ದೋಷವು 17ನೆಯ ವರ್ಣತಂತುವಿನ ಇಂತಹ ಭಾಗದಲ್ಲಿದೆ ಎಂದು 1990ರಲ್ಲಿ ತೋರಿಸಿಕೊಟ್ಟಳು. 1994ರಲ್ಲಿ ಬಿ.ಆರ್.ಸಿ.ಎ.-1 ಕೈಗೆ ಸಿಕ್ಕಿತು. ಮರುವರ್ಷ ಅದರ ಜೊತೆಗಾರನಾದ ಬಿ.ಆರ್.ಸಿ.ಎ.-2. ಇವುಗಳ ಮೇಲೆ ಒಂದು ಕಂಪೆನಿ ಪೇಟೆಂಟು ಪಡೆದು, ಪರೀಕ್ಷೆಯನ್ನು ತನ್ನ ಸ್ವತ್ತೆಂದು ಸಾಧಿಸಿದ್ದೂ, ಪ್ರಕೃತಿಯಲ್ಲಿರುವ ವಂಶವಾಹಿ ಯಾರ ಸ್ವತ್ತೂ ಆಗಲಾರದೆಂದು 2013ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದೂ ಬೇರೆಯೇ ಒಂದು ಕಥೆ.

ನಮಗೆ ಹತ್ತಿರದ ಕಥೆ ಬೆಂಗಳೂರಿನದು. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರನ್ನು ಕೇಳದ ಮನೆ ನಮ್ಮ ಕಡೆ ಇಲ್ಲ. “ಕಿದ್ವಾಯಿಗೆ ಹೋದರು” ಎಂದರೆ ಸಾಕು, ಕಾಯಿಲೆಯ ಹೆಸರನ್ನು ಹೇಳಬೇಕಾಗಿಯೇ ಇಲ್ಲ. ಅಲ್ಲಿನ ಗೀತಶ್ರೀ ಮುಖರ್ಜಿ, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದ 61 ಮಂದಿ ರೋಗಿಗಳ ಎರಡೂ ವಂಶವಾಹಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಎಲ್ಲರೂ ಸ್ತನ ಇಲ್ಲವೆ ಅಂಡಾಶಯದ ಕ್ಯಾನ್ಸರಿನವರು. ಎಲ್ಲರ ಮನೆತನದಲ್ಲಿಯೂ ಹಿಂದೆ ಅದೇ ಕಾಯಿಲೆ ಇದ್ದವರು. ಅವರಲ್ಲಿ 17 ಮಂದಿಯಲ್ಲಿ ದೋಷ ಕಂಡಿತು: 15 ಮಂದಿಗೆ ಬಿ.ಆರ್.ಸಿ.ಎ.-1ರಲ್ಲಿ, ಇಬ್ಬರಿಗೆ ಬಿ.ಆರ್.ಸಿ.ಎ.-2ರಲ್ಲಿ. ಅಂಡಾಶಯದ ಕ್ಯಾನ್ಸರ್ ಇದ್ದ ಕುಟುಂಬಗಳಲ್ಲಿ ಇದು ಇನ್ನೂ ಹೆಚ್ಚಾಗಿತ್ತು. ಈ ಸಾಲನ್ನು ಓದಿದಾಗ ಚಿಕ್ಕತ್ತೆಯ ಮುಖ ಕಣ್ಣ ಮುಂದೆ ಬಂದಿತೆಂದು ಹೇಳಬೇಕಾಗಿಲ್ಲ.

ಆಶ್ಚರ್ಯದ ಸಂಗತಿ ಇನ್ನೊಂದು. ಆ 61 ಮಂದಿಯಲ್ಲಿ 10 ಮಂದಿಗೆ ಇದ್ದದ್ದು ನಾನು ಮೇಲೆ ಹೇಳಿದ ಅದೇ ಎರಡಕ್ಷರದ ಲೋಪ. ಇದು ಪೂರ್ವ ಯೂರೋಪಿನ ಮೂಲದ ಯಹೂದಿಗಳಲ್ಲಿ ಹೆಚ್ಚಾಗಿರುವುದೆಂದು ಲೋಕಪ್ರಸಿದ್ಧವಾದದ್ದು. ಎಲ್ಲಿಯ ಯಹೂದಿಗಳು, ಎಲ್ಲಿಯ ದಕ್ಷಿಣ ಭಾರತ! ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವು ಒಂದೇ ಮಾತೃಕೆಯಿಂದ ಇಳಿದು ಬಂದವೆಂದು ಗ್ರಂಥಸಂಪಾದಕರು ಊಹಿಸುವುದುಂಟು. ಆದರೆ ಕಣ್ಣು ಜಾರುವ ಸ್ಥಳದಲ್ಲಿ ಇಬ್ಬರು ಲಿಪಿಕಾರರು ಬೇರೆಬೇರೆಯಾಗಿ ಒಂದೇ ತಪ್ಪು ಮಾಡಬಹುದೆಂಬ ಎಚ್ಚರವೂ ಅವರಿಗುಂಟು. ಇಲ್ಲಿಯೂ ಹಾಗೆಯೇ. ಒಂದು ಭಾರತೀಯ ಕುಟುಂಬದಲ್ಲಿ ಈ ಲೋಪದ ಆಚೀಚೆಯ ಪಾಠವನ್ನು ಹೋಲಿಸಿ ನೋಡಿದವರು, ಅದು ಯಹೂದಿಗಳಿಂದ ಬಂದದ್ದಲ್ಲ, ಸ್ವತಂತ್ರವಾಗಿ ಹುಟ್ಟಿದ್ದು ಎಂದು 2007ರಲ್ಲಿ ವರದಿ ಮಾಡಿದರು.

61ರಲ್ಲಿ 17 ಎಂದೊಡನೆ ವಾಚಕರು ಗಾಬರಿಯಾಗಬಾರದು. ಅವರು ಮನೆತನದ ಇತಿಹಾಸ ನೋಡಿ ಆರಿಸಲ್ಪಟ್ಟವರು. ಒಟ್ಟು ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಹೀಗೆ ವಂಶಪಾರಂಪರ್ಯವಾಗಿ ಬಂದ ದೋಷದವು; ಮಿಕ್ಕವು ವಯಸ್ಸು, ಹೊಗೆಸೊಪ್ಪು, ಇನ್ನಿತರ ಕಾರಣಗಳಿಂದ ಆಗತಕ್ಕವು. ಆದರೆ ದೋಷವುಳ್ಳ ಮನೆತನಕ್ಕೆ ಈ ಸಮಾಧಾನ ಸಾಲದು. ಮುಖ್ಯವಾಗಿ ಪಾಶ್ಚಾತ್ಯ ದೇಶಗಳ ಹೆಂಗಸರನ್ನು ಕುರಿತು 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಬಿ.ಆರ್.ಸಿ.ಎ.-1ರ ದೋಷವುಳ್ಳವರಲ್ಲಿ 80 ವರ್ಷ ತುಂಬುವುದರೊಳಗೆ ನೂರಕ್ಕೆ 72 ಮಂದಿಗೆ ಸ್ತನದ ಕ್ಯಾನ್ಸರೂ 44 ಮಂದಿಗೆ ಅಂಡಾಶಯದ ಕ್ಯಾನ್ಸರೂ ಬರುವ ಸಂಭವವಿದೆ. ಬಿ.ಆರ್.ಸಿ.ಎ.-2ರಲ್ಲಿ ಇವು 69 ಮತ್ತು 17. ಗಂಡಸರೂ ಪೂರ್ತಿ ಪಾರಾದವರಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರೂ, ಅಪರೂಪವಾಗಿ ಗಂಡಸರ ಸ್ತನದ ಕ್ಯಾನ್ಸರೂ ಉಂಟು.

ತಂದೆಯವರಿಗೆ ಹೇಳುವ ದಿನ ಬಂದಿತು. ಕೊಬ್ಬರಿಗೆ ಹಾಕಿದ ಕಾಯಿ ಅಟ್ಟದ ಮೇಲೆ ಹತ್ತು ತಿಂಗಳಾಗಿತ್ತು. ಅವರು ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೇ ಎಂದು ನೋಡುತ್ತಿದ್ದರು. ನಾನು ಲೆಕ್ಕ ಬಿಡಿಸಿ ಹೇಳಿದೆ. ಚಿಕ್ಕತ್ತೆಯ ಮಗಳಿಗೆ ಬಂದಿರುವ ದೋಷ ನಮ್ಮ ಅಜ್ಜನಿಂದಲೋ ಅಜ್ಜಿಯಿಂದಲೋ ಇಳಿದಿರಬೇಕು. ಅವರ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು. ತಂದೆಗೆ ಬಂದಿದ್ದರೆ ನನಗೂ ತಂಗಿಗೂ ಮತ್ತೆ ಎರಡರಲ್ಲಿ ಒಂದು. ತಂದೆಗೆ ಇಲ್ಲವಾದರೆ ಅವರಿಂದ ನಮಗೆ ಬರುವ ಮಾತೇ ಇಲ್ಲ. ಇದು ತಲೆಮಾರು ಹಾರಿ ಬರುವಂಥದಲ್ಲ.

“ನನಗೆ ಎಪ್ಪತ್ತಾಯಿತು. ಇನ್ನು ರಕ್ತ ಕೊಟ್ಟು ಏನಾಗಬೇಕಾಗಿದೆ? ನಿನ್ನ ತಂಗಿಗೆ ಗಂಡು ನೋಡುತ್ತಿದ್ದೇವೆ. ಈಗ ಇದನ್ನು ಊರ ಬಾಯಿಗೆ ಹಾಕುತ್ತೀಯಾ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಅವರ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಹೆಣ್ಣು ಹೆತ್ತವರಿಗೆ ಅದು ಮೌಢ್ಯವಲ್ಲವೆಂಬುದು ಗೊತ್ತು. ಉತ್ತರ ಕೊಟ್ಟವಳು ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ತಂಗಿಯೇ. “ಅಪ್ಪ, ದೊಡ್ಡತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಬಾರದೇ?” ಎಂದಳು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಕೇಳದೆಯೇ ಒಂದು ಹಳೆಯ ವಿಷಯ ಹೇಳಿದರು. ಅವರ ತಾಯಿಯ ತಂಗಿಯೊಬ್ಬರು, ದಂಡಿನಶಿವರದ ಕಡೆ ಕೊಟ್ಟವರು, ಎದೆಯ ಹುಣ್ಣಾಗಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಸತ್ತರಂತೆ. ನಾಗದೋಷವೆಂದು ಪೂಜೆ ಮಾಡಿಸಿದ್ದರಂತೆ. ನನ್ನ ಹಾಳೆಯಲ್ಲಿ ಇನ್ನೊಂದು ವೃತ್ತಕ್ಕೆ ಕಪ್ಪು ತುಂಬಿದೆ.

ಬೆಂಗಳೂರಿನಲ್ಲಿ ಸಲಹೆಗಾರ್ತಿಯೊಬ್ಬರು ಒಂದು ಗಂಟೆಗೂ ಹೆಚ್ಚು ಹೊತ್ತು ನಮ್ಮೊಡನೆ ಮಾತನಾಡಿದರು. ವಾಚಕರಿಗೆ ಉಪಯೋಗವಾಗಬಹುದಾದ ಎರಡು ಮೂರು ಮಾತುಗಳನ್ನು ಇಲ್ಲಿ ಬರೆಯುತ್ತೇನೆ. ಪರೀಕ್ಷೆಯನ್ನು ಮೊದಲು ಕಾಯಿಲೆಯಾದವರಿಂದಲೇ ಆರಂಭಿಸಬೇಕು; ಅವರಲ್ಲಿ ತಪ್ಪು ಎಲ್ಲಿದೆಯೆಂದು ತಿಳಿದರೆ, ಮಿಕ್ಕ ನೆಂಟರಲ್ಲಿ ಆ ಒಂದೇ ಸ್ಥಳವನ್ನು ನೋಡಿದರೆ ಸಾಕು, ಖರ್ಚೂ ಕಡಿಮೆ. ಯಾರೂ ಕಾಯಿಲೆಯಾಗದವರು ಸುಮ್ಮನೆ ಹೋಗಿ ಪರೀಕ್ಷಿಸಿಕೊಂಡು, ಏನೂ ಇಲ್ಲವೆಂದು ಬಂದರೆ, ಅದು ನೆಮ್ಮದಿಯೋ ಅಲ್ಲವೋ ಹೇಳಲಾಗದು. ಕೆಲವು ವರದಿಗಳಲ್ಲಿ ಅರ್ಥ ನಿಶ್ಚಯವಾಗದ ವ್ಯತ್ಯಾಸ ಎಂದು ಬರುವುದುಂಟು. ಹಳಗನ್ನಡದ ಪಾಠಾಂತರಗಳಂತೆ ಇವು ನಿರಪಾಯವಾಗಿರಬಹುದು, ಅಪಪಾಠವಾಗಿರಬಹುದು. ಹೋಲಿಸಲು ಪ್ರತಿಗಳು ಸಾಲವು. ಜಗತ್ತಿನಲ್ಲಿ ಈವರೆಗೆ ಕೂಡಿಟ್ಟಿರುವ ಪ್ರತಿಗಳಲ್ಲಿ ಬಹುಪಾಲು ಯೂರೋಪಿನ ಮೂಲದವರವು ಆದ್ದರಿಂದ ನಮ್ಮವರಿಗೆ ಈ ತೊಡಕು ಹೆಚ್ಚು. ಅಂತಹ ವರದಿಯನ್ನು ನಂಬಿ ಶಸ್ತ್ರಚಿಕಿತ್ಸೆಗೆ ಓಡಬಾರದೆಂದು ಆಕೆ ಒತ್ತಿ ಹೇಳಿದರು.

ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿಯಿಂದ ಇದು ಬಂದಿತೇ ಎಂದು ತಂದೆಯವರು ಕೇಳಿದರು. ಇಲ್ಲ, ಒಂದು ಕಡೆಯ ಪ್ರತಿ ಕೆಟ್ಟಿದ್ದರೂ ಅಪಾಯವುಂಟು, ರಕ್ತಸಂಬಂಧವೇ ಬೇಕಾಗಿಲ್ಲ. ಆದರೆ ಗಂಡಹೆಂಡಿರಿಬ್ಬರಲ್ಲಿಯೂ ಬಿ.ಆರ್.ಸಿ.ಎ.-2ರ ದೋಷವಿದ್ದು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ, ಫ್ಯಾಂಕೋನಿ ರಕ್ತಹೀನತೆಯೆಂಬ ಕಠಿಣವಾದ ಶಿಶುರೋಗ ಬರುತ್ತದೆಂದು ತಿಳಿಸಿದರು.

ತಿಳಿದು ಮಾಡುವುದೇನು? ದೋಷವುಳ್ಳ ಹೆಂಗಸರನ್ನು 25ನೆಯ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂ.ಆರ್.ಐ. ಯಂತ್ರದಲ್ಲಿ ನೋಡುತ್ತ ಬರಬಹುದು. ಅಂಡಾಶಯಕ್ಕೆ ಅಂತಹ ನಂಬಿಕೆಯ ಕಾವಲು ಇಲ್ಲದಿರುವುದರಿಂದ, ಮಕ್ಕಳಾದ ಮೇಲೆ 35–40ರ ವಯಸ್ಸಿನಲ್ಲಿ ಅದನ್ನು ತೆಗೆಸಿಕೊಳ್ಳಲು ಬಿ.ಆರ್.ಸಿ.ಎ.-1ರವರಿಗೆ ಸಲಹೆ ಮಾಡುತ್ತಾರೆ. ಚಲಚ್ಚಿತ್ರ ನಟಿ ಆಂಜೆಲೀನಾ ಜೋಲಿ 2013ರಲ್ಲಿ ಎರಡೂ ಸ್ತನಗಳನ್ನು ತೆಗೆಸಿಕೊಂಡ ಸಂಗತಿಯನ್ನು ತಾನೇ ಬರೆದು ಪ್ರಕಟಿಸಿದ ಮೇಲೆ ಲೋಕಕ್ಕೆಲ್ಲ ಈ ಹೆಸರು ಪರಿಚಯವಾಯಿತು. ಕಾಯಿಲೆ ಬಂದವರಿಗೂ ಪರೀಕ್ಷೆ ವ್ಯರ್ಥವಲ್ಲ. ಈ ದೋಷವುಳ್ಳ ಗಂತಿಗಳನ್ನೇ ಗುರಿಮಾಡುವ ಓಲಾಪರಿಬ್ ಎಂಬ ಔಷಧ 2014ರಿಂದ ಬಳಕೆಗೆ ಬಂದಿದೆ.

ಮೂರು ವಾರಗಳ ಮೇಲೆ ತಂದೆಯವರ ವರದಿ ಬಂದಿತು. ಎರಡಕ್ಷರದ ಲೋಪ ಅವರಲ್ಲಿಯೂ ಇತ್ತು. ಅದರ ಮೇಲೆ ನಾನೂ ತಂಗಿಯೂ ರಕ್ತ ಕೊಟ್ಟೆವು. ನನ್ನ ಪ್ರತಿ ಶುದ್ಧವಾಗಿದೆ. ಆದುದರಿಂದ ನನ್ನ ಆರು ವರ್ಷದ ಮಗಳಿಗೆ ನನ್ನ ಕಡೆಯಿಂದ ಇದು ಬರಲಾರದು. ವರದಿ ಓದಿದ ದಿನ ನನಗಾದ ಸಂತೋಷವನ್ನು ತಂಗಿಯ ಎದುರು ತೋರಿಸಲು ನಾಚಿಕೆಯಾಯಿತು. ಅವಳ ವರದಿಯಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯಕೂಡದೆಂದು ಅವಳ ಅಪ್ಪಣೆ. ಹೇಳಬೇಕಾದವರಿಗೆ ತಾನೇ ಹೇಳುತ್ತಾಳಂತೆ.

ದಂಡಿನಶಿವರದ ಆ ಚಿಕ್ಕಜ್ಜಿಯ ಮೊಮ್ಮಕ್ಕಳು ಈಗ ಚಿಕ್ಕನಾಯಕನಹಳ್ಳಿಯಲ್ಲಿದ್ದಾರೆ, ಮೂವರು ಹೆಣ್ಣುಮಕ್ಕಳು. ಪತ್ರ ಬರೆದರೆ ಹೆದರುತ್ತಾರೆ, ಎದುರಿಗೆ ಕೂತು ಹೇಳಬೇಕು ಎಂದು ತಂದೆಯವರು ಬರುವ ಭಾನುವಾರ ವಂಶವೃಕ್ಷದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹೊರಡುವುದಾಗಿದ್ದಾರೆ. ನಾನು ಜೊತೆಗೆ ಬರುವುದು ಬೇಡವಂತೆ.