ಹೊಟ್ಟೆ ಸರಿ ಇದ್ರೆ ತಲೆ ಓಡುತ್ತಾ?

ಪಾಲೋ ಆಲ್ಟೋದಿಂದ ಮಾತಾಡ್ತಾ ಇದ್ದೇವೆ. ಈ ಸಂಚಿಕೆಯ ವಿಷಯ ನೀವೇ ಕೊಟ್ಟಿದ್ದು. ಬೇರೆ ಬೇರೆ ಮಾತಿನಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದೀರಿ: ಹೊಟ್ಟೆ ಸರಿ ಇಲ್ಲದಿದ್ರೆ ತಲೆಗೆ ಮಂಕು ಕವಿಯುತ್ತೆ ಅಂತಾರಲ್ಲ, ನಿಜವಾ? ಪ್ರೋಬಯಾಟಿಕ್ ಮಾತ್ರೆ ತಗೊಂಡ್ರೆ ಓದಿನಲ್ಲಿ, ಕೆಲಸದಲ್ಲಿ ಗಮನ ಹೆಚ್ಚುತ್ತಾ?

ಮೊದಲು ಕೇಳಿದಾಗ ಇದು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗೆ ಅನ್ನಿಸಬಹುದು. ಆದರೆ ಗಂಟು ನಿಜವಾಗಿಯೂ ಇದೆ. ಎಷ್ಟು ಇದೆ, ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನೋದನ್ನು ಇವತ್ತು ನೋಡೋಣ. ಅದಕ್ಕೂ ಮೊದಲು ನಮ್ಮ ಮನೆಯಲ್ಲೇ ಆದ ಒಂದು ಸಂಗತಿ ಹೇಳಬೇಕು. ಅದರಲ್ಲಿ ತಪ್ಪು ನಮ್ಮದೇ.

ಹೋದ ಚಳಿಗಾಲದಲ್ಲಿ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಬಂದ ಎರಡನೇ ತಿಂಗಳಿಗೆ ನಮಗೆ ಸಣ್ಣ ಬದಲಾವಣೆಗಳು ಕಾಣತೊಡಗಿದವು. ಸಾರಿಗೆ ಎರಡು ಸಲ ಉಪ್ಪು. ಮೊಮ್ಮಗಳಿಗೆ ಕಥೆ ಹೇಳ್ತಾ ಹೇಳ್ತಾ ಮಧ್ಯದಲ್ಲಿ ನಿಂತುಬಿಡೋದು. "ತಲೆಯೊಳಗೆ ಹತ್ತಿ ತುಂಬಿದ ಹಾಗಿದೆ ಕಣೋ" ಅಂತ ಒಂದು ದಿನ ಅವರೇ ಹೇಳಿದರು. ಪಾದಕ್ಕೆ ಜೋಮು ಹಿಡಿಯುತ್ತೆ ಅಂತಲೂ ಹೇಳಿದರು. ವಯಸ್ಸು, ಚಳಿ, ಒಂಟಿತನ, ಮೇಲೆ ಸಕ್ಕರೆ ಕಾಯಿಲೆ ಅಂತ ನಾವು ಒಂದೊಂದಕ್ಕೂ ಒಂದೊಂದು ಕಾರಣ ಹಚ್ಚಿದೆವು. ಜೀವವಿಜ್ಞಾನ ಓದಿದವರಲ್ಲವೇ, ನಮಗೆ ಇನ್ನೂ ಒಂದು ಕಾರಣ ಹೊಳೆಯಿತು. ಊಟ ಬದಲಾಗಿದೆ, ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿರಬೇಕು! ಅಂಗಡಿಯಿಂದ ದುಬಾರಿ ಪ್ರೋಬಯಾಟಿಕ್ ಡಬ್ಬಿ ತಂದು ದಿನಾ ಒಂದು ಮಾತ್ರೆ ಕೊಡೋಕೆ ಶುರು ಮಾಡಿದೆವು.

ಆಗಿದ್ದು ಏನು ಅನ್ನೋದಕ್ಕೆ ಆಮೇಲೆ ಬರೋಣ. ನಮಗೆ ಆ ಯೋಚನೆ ಬಂದಿದ್ದು ಸುಮ್ಮನೆ ಅಲ್ಲ. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ ಸ್ಟ್ಯಾನ್‌ಫರ್ಡ್ ಇದೆ. ಅಲ್ಲಿಯ ಜಸ್ಟಿನ್ ಸೋನೆನ್‌ಬರ್ಗ್, ಎರಿಕಾ ಸೋನೆನ್‌ಬರ್ಗ್ ಮತ್ತು ಪೋಷಣಾ ವಿಜ್ಞಾನಿ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 2021ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 36 ಮಂದಿ ಆರೋಗ್ಯವಂತರು, 18-18ರ ಎರಡು ಗುಂಪು. ಒಂದು ಗುಂಪು ಹತ್ತು ವಾರ ನಾರಿನಂಶ ಹೆಚ್ಚಿರುವ ಕಾಳು, ತರಕಾರಿ, ಧಾನ್ಯ ತಿಂದಿತು. ಇನ್ನೊಂದು ಗುಂಪು ಹುದುಗಿಸಿದ ಆಹಾರ ತಿಂದಿತು: ಮೊಸರು, ಕೆಫೀರ್, ಕಿಮ್ಚಿ, ಕೊಂಬುಚಾ ಇತ್ಯಾದಿ, ದಿನಕ್ಕೆ ಸುಮಾರು ಆರು ಬಾರಿ.

ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಾಯಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಕಡಿಮೆಯಾದವು. ನಾರಿನ ಗುಂಪಿನಲ್ಲಿ ಸರಾಸರಿ ವೈವಿಧ್ಯ ಹೆಚ್ಚಲಿಲ್ಲ, ಆ ಪ್ರೋಟೀನುಗಳೂ ಇಳಿಯಲಿಲ್ಲ. ನಾರು ದಂಡ ಅಂತಲ್ಲ. ನಾರನ್ನು ಜೀರ್ಣಿಸುವ ಜೀವಿಗಳೇ ಕರುಳಿನಲ್ಲಿ ಕಡಿಮೆ ಇದ್ದರೆ ಹತ್ತು ವಾರ ಸಾಲದೇ ಇರಬಹುದು.

ಆದರೆ ನೋಡಿ, ಆ ಅಧ್ಯಯನದ ಮುಖ್ಯ ಪ್ರಶ್ನೆ ರೋಗನಿರೋಧಕ ವ್ಯವಸ್ಥೆಯದ್ದು. 'ಕಿಮ್ಚಿ ತಿಂದ್ರೆ ಬುದ್ಧಿ ಚುರುಕಾಗುತ್ತೆ' ಅಂತ ಅದು ಹೇಳಿಲ್ಲ. ಉರಿಯೂತಕ್ಕೂ ಮೆದುಳಿಗೂ ಸಂಬಂಧ ಇರೋದಂತೂ ನಿಜ. ಜ್ವರ ಬಂದಾಗ ಓದೋಕೆ ಆಗಲ್ಲ, ಮಾತು ಬೇಡ, ಮಲಗಿದ್ರೆ ಸಾಕು ಅನ್ನಿಸುತ್ತಲ್ಲ? ಅದನ್ನು ಮಾಡಿಸೋದು ಇಂಥ ಉರಿಯೂತದ ಸಂಕೇತಗಳೇ. ಹಾಗಂತ ಆರೋಗ್ಯವಂತರಲ್ಲಿ ಆ ಸಂಕೇತ ಒಂಚೂರು ಇಳಿದರೆ ಗಮನ ಹೆಚ್ಚುತ್ತೆ ಅನ್ನೋದು ಇನ್ನೊಂದು ಹೆಜ್ಜೆ. ಆ ಹೆಜ್ಜೆಯನ್ನು ಪ್ರತ್ಯೇಕವಾಗಿ ಸಾಬೀತು ಮಾಡಬೇಕು.

ಹೊಟ್ಟೆಯಿಂದ ತಲೆಗೆ ಇರುವ ದಾರಿ ಉರಿಯೂತ ಒಂದೇ ಅಲ್ಲ. ವೇಗಸ್ ಅನ್ನುವ ನರ ಮೆದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿದಿದೆ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಅಂದ್ರೆ ಮೆದುಳು ಹೊಟ್ಟೆಗೆ ಹೇಳೋದಕ್ಕಿಂತ ಹೊಟ್ಟೆ ಮೆದುಳಿಗೆ ಹೇಳೋದೇ ಹೆಚ್ಚು.

ಸೆರೊಟೋನಿನ್ ಕಥೆಯನ್ನೂ ನೀವು ಕೇಳಿರ್ತೀರಿ. 'ದೇಹದ ನೂರಕ್ಕೆ 90 ಭಾಗ ಸೆರೊಟೋನಿನ್ ತಯಾರಾಗೋದು ಕರುಳಿನಲ್ಲಿ, ಆದ್ದರಿಂದ ಸಂತೋಷ ಹುಟ್ಟೋದು ಹೊಟ್ಟೆಯಲ್ಲಿ' ಅಂತ ವಿಡಿಯೊಗಳು ಓಡಾಡ್ತಾ ಇರುತ್ತವೆ. ಮೊದಲ ಅರ್ಧ ಸರಿ. ಎರಡನೇ ಅರ್ಧ ಸರಿಯಲ್ಲ. ಕರುಳಿನ ಸೆರೊಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತೆ.

ಹಾಗಾದರೆ ಹೊಟ್ಟೆಯಿಂದ ಬುದ್ಧಿ ಮಂಕಾಗೋದಕ್ಕೆ ಗಟ್ಟಿ ಸಾಕ್ಷಿ ಎಲ್ಲಿದೆ? ಲಿವರ್ ಕೆಟ್ಟವರಲ್ಲಿ ಇದೆ. ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆಯುವಾಗ ಅಮೋನಿಯಾ ಹುಟ್ಟುತ್ತೆ. ಆರೋಗ್ಯವಾದ ಲಿವರ್ ಅದನ್ನು ಯೂರಿಯಾ ಮಾಡಿ ಹೊರಗೆ ಕಳಿಸುತ್ತೆ. ಸಿರೋಸಿಸ್ ಆದಾಗ ಅಮೋನಿಯಾ ಮತ್ತಿತರ ಕಶ್ಮಲಗಳು ಮೆದುಳು ಸೇರುತ್ತವೆ. ರೋಗಿ ಹಗಲು ಮಲಗಿ ರಾತ್ರಿ ಎದ್ದಿರ್ತಾರೆ, ಕೈ ನಡುಗುತ್ತೆ, ದಿನ-ವಾರ ಮರೆತು ಗೊಂದಲವಾಗುತ್ತೆ. ಇದಕ್ಕೆ ಔಷಧ ಕೊಡೋದು ತಲೆಗಲ್ಲ, ಹೊಟ್ಟೆಗೆ! ಒಂದು, ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್ಪು. ಇನ್ನೊಂದು, ರಿಫಾಕ್ಸಿಮಿನ್ ಅನ್ನುವ, ಬಹುಮಟ್ಟಿಗೆ ಕರುಳಿನಲ್ಲೇ ಉಳಿಯುವ ಆಂಟಿಬಯಾಟಿಕ್. ಹಿಂದೆ ಇಂಥ ಗೊಂದಲ ಮರುಕಳಿಸಿದ್ದ 299 ರೋಗಿಗಳ ಮೇಲೆ ಆರು ತಿಂಗಳು ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಿಫಾಕ್ಸಿಮಿನ್ ತಗೊಂಡವರಲ್ಲಿ ನೂರಕ್ಕೆ 22 ಮಂದಿಗೆ ಮತ್ತೆ ಗೊಂದಲ ಬಂತು, ಡಮ್ಮಿ ಮಾತ್ರೆಯವರಲ್ಲಿ ನೂರಕ್ಕೆ 46. ಕರುಳಿನ ಬ್ಯಾಕ್ಟೀರಿಯಾ ಬದಲಾದರೆ ಬುದ್ಧಿ ತಿಳಿಯಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗೋದು ಕಷ್ಟ.

ಆರೋಗ್ಯವಂತರಲ್ಲಿ ಸಾಕ್ಷಿ ಸಣ್ಣದು, ಆದರೆ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 60 ದಾಟಿದ 36 ಜೋಡಿ ಅವಳಿಗಳ ಮೇಲೆ ಪ್ರಯೋಗ ಮಾಡಿ 2024ರಲ್ಲಿ ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ 12 ವಾರ ಇನುಲಿನ್ ಥರದ ನಾರಿನ ಪುಡಿ, ಇನ್ನೊಬ್ಬರಿಗೆ ಡಮ್ಮಿ ಪುಡಿ. ಸ್ನಾಯುಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಮಾತ್ರ ನಾರು ತಿಂದವರು ಮೇಲು. ಒಳ್ಳೆಯ ಸುದ್ದಿ, ಆದರೆ 72 ಜನರ, ಮೂರು ತಿಂಗಳ ಸುದ್ದಿ ಅನ್ನೋದು ನೆನಪಿರಲಿ.

ಈಗ ಅಮ್ಮನ ಕಥೆಗೆ ಬರೋಣ. ಡಬ್ಬಿ ಮುಗಿಯಿತು, ಮಂಕು ಹೋಗಲಿಲ್ಲ. ಒಂದು ಸಂಜೆ ವಾಕಿಂಗ್ ಹೋದವರು ದಿನವೂ ತಿರುಗುವ ತಿರುವಿನಲ್ಲಿ ಮನೆ ದಾರಿ ತಿಳಿಯದೆ ನಿಂತಿದ್ದರು. ಪಕ್ಕದ ಮನೆಯವರು ಕರೆತಂದು ಬಿಟ್ಟರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುವಾರ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದೇ, ಯಾವ ಯಾವ ಮಾತ್ರೆ, ಎಷ್ಟು ವರ್ಷದಿಂದ ಅಂತ. ಸಕ್ಕರೆಗೆ ಮೆಟ್ಫಾರ್ಮಿನ್, ಹನ್ನೆರಡು ವರ್ಷ. ಎದೆಯುರಿಗೆ ಆಸಿಡ್ ಮಾತ್ರೆ, ಎಷ್ಟು ವರ್ಷ ಅಂತ ಅಮ್ಮನಿಗೇ ನೆನಪಿಲ್ಲ. ಶುದ್ಧ ಸಸ್ಯಾಹಾರ. ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತೀರಾ ಕೆಳಗಿತ್ತು.

ನಾವು ಹುಡುಕಿದ ಜಾಗ ಸರಿಯೇ, ಹೊಟ್ಟೆ. ಹುಡುಕಿದ ವಸ್ತು ತಪ್ಪು.

ಬಿ12 ಅನ್ನು ಗಿಡವೂ ಮಾಡಲ್ಲ, ಪ್ರಾಣಿಯೂ ಮಾಡಲ್ಲ, ಮಾಡೋದು ಬ್ಯಾಕ್ಟೀರಿಯಾ ಥರದ ಸೂಕ್ಷ್ಮಜೀವಿಗಳು. ನಮ್ಮ ದೊಡ್ಡ ಕರುಳಿನಲ್ಲೂ ಅದನ್ನು ಮಾಡುವ ಬ್ಯಾಕ್ಟೀರಿಯಾ ಇವೆ, ಆದರೆ ಬಿ12 ಹೀರಿಕೊಳ್ಳುವ ಜಾಗ ಅದಕ್ಕಿಂತ ಮೇಲೆ, ಸಣ್ಣ ಕರುಳಿನ ಕೊನೆಯಲ್ಲಿದೆ. ಹಾಗಾಗಿ ಅದು ನಮಗೆ ದಕ್ಕಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಬರಬೇಕು. ಬಂದದ್ದನ್ನು ಜಠರದ ಆಮ್ಲ ಆಹಾರದ ಪ್ರೋಟೀನಿನಿಂದ ಬಿಡಿಸಬೇಕು. ಜಠರವೇ ಸ್ರವಿಸುವ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ತಲುಪಿಸಬೇಕು. ಆಸಿಡ್ ಮಾತ್ರೆ ಮೊದಲ ಹೆಜ್ಜೆಗೆ ಅಡ್ಡಿ, ಮೆಟ್ಫಾರ್ಮಿನ್ ಕೊನೆಯ ಹೆಜ್ಜೆಗೆ ಅಡ್ಡಿ. ಅಮ್ಮ ಎರಡು ಹೊತ್ತೂ ಮೊಸರನ್ನ ತಿಂದರೂ ಸಾಲದೇ ಹೋಗಿದ್ದು ಹೀಗೆ. ನರದ ಎಳೆಗಳ ಮೇಲಿನ ಮಯಲಿನ್ ಹೊದಿಕೆಗೆ ಬಿ12 ಬೇಕು. ಅದು ಇಲ್ಲದಿದ್ರೆ ಜೋಮು, ತೂರಾಟ, ಮರೆವು. ಸಕ್ಕರೆ ಕಾಯಿಲೆಯೂ ಜೋಮು ತರುವುದರಿಂದ ತಪ್ಪು ತಿಳಿಯೋದು ಬಹಳ ಸುಲಭ. ಲಿವರಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕಾಣಿಸುವುದೂ ನಿಧಾನ.

ಇಂಜೆಕ್ಷನ್ ಶುರುವಾಯಿತು. ಎರಡು ತಿಂಗಳಲ್ಲಿ ಕಥೆ ಮತ್ತೆ ಕೊನೆ ಮುಟ್ಟತೊಡಗಿತು. ಎಡ ಪಾದದ ಜೋಮು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಬಹಳ ದಿನ ಕೊರತೆ ಇದ್ದರೆ ನರದ ಹಾನಿ ಉಳಿದುಬಿಡಬಹುದು. ಪ್ರೋಬಯಾಟಿಕ್ ಡಬ್ಬಿ ಹಿಡಿದು ನಾವು ಕಳೆದ ವಾರಗಳು ಅದಕ್ಕೆ ಎಷ್ಟು ಸೇರಿಸಿದವೋ ಅನ್ನೋದು ಈಗಲೂ ಮನಸ್ಸನ್ನು ಕೊರೆಯುತ್ತೆ.

ಹಾಗಾಗಿ ಕೇಳುಗರೇ, ಇವತ್ತು ಮನೆಗೆ ಒಯ್ಯಬೇಕಾದ ಮಾತು ಇಷ್ಟು. ತಲೆ ಮಂಕಾಗಿದೆ ಅನ್ನಿಸಿದರೆ ಮೊದಲು ನಿದ್ದೆ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಮೆಟ್ಫಾರ್ಮಿನ್ ತಗೊಳ್ಳೋರಿಗೆ ಆಗಾಗ ಬಿ12 ನೋಡಿಸಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ನಿನ ಮಾರ್ಗಸೂಚಿಯೇ ಹೇಳುತ್ತೆ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಬಿ12 ಯಾವಾಗ ನೋಡಿಸಿದ್ರಿ" ಅಂತಲೂ ಕೇಳಿ.

ಊಟದ ವಿಷ್ಯಕ್ಕೆ ಬಂದರೆ, ನಮ್ಮ ಅಡುಗೆಮನೆ ಬಡವಾಗಿಲ್ಲ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇವೆ. ಇಡ್ಲಿ-ದೋಸೆ ಹಿಟ್ಟೂ ಚೆನ್ನಾಗಿ ಹುದುಗುತ್ತೆ. ಇಲ್ಲಿಯ ಚಳಿಗೆ ರಾತ್ರಿ ಓವನ್ನಿನೊಳಗೆ ಬರೀ ದೀಪ ಹಚ್ಚಿ ಹಿಟ್ಟಿನ ಪಾತ್ರೆ ಇಡೋದು ಬೇ ಏರಿಯಾದ ಕನ್ನಡಿಗರಿಗೆ ಗೊತ್ತೇ ಇದೆ. ಆದರೆ ಬೇಯಿಸಿದ ಮೇಲೆ ಆ ಬ್ಯಾಕ್ಟೀರಿಯಾ ಉಳಿಯಲ್ಲ, ಹುದುಗಿನ ಇತರ ಗುಣ ಮಾತ್ರ ಉಳಿಯುತ್ತೆ. ನಾರಿಗೆ ಕಾಳು, ಸೊಪ್ಪು, ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ ಸುಮಾರು 3. ಅಮೆರಿಕಕ್ಕೆ ವಲಸೆ ಬಂದ ಹ್ಮಾಂಗ್ ಮತ್ತು ಕರೆನ್ ಜನರ ಮೇಲೆ ಮಿನೆಸೋಟದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, ಬಂದ ಕೆಲವೇ ತಿಂಗಳಲ್ಲಿ ಅವರ ಕರುಳಿನ ಜೀವಿಗಳು ಬದಲಾಗತೊಡಗಿದ್ದವು. ವರ್ಷ ಕಳೆದಂತೆ ವೈವಿಧ್ಯ ಕುಗ್ಗುತ್ತಾ ಹೋಗಿತ್ತು. ನಮಗೂ ಅದು ಅನ್ವಯಿಸಬಹುದು ಅನ್ನೋ ಎಚ್ಚರ ಇರಲಿ.

ಅಮ್ಮ ಈಗ ಮೈಸೂರಿನಲ್ಲಿದ್ದಾರೆ. ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸಲ್ಲ. ಹೋಗುವ ಮುಂಚೆ ಬಟ್ಟಲಿನಲ್ಲಿ ಹೆಪ್ಪು ಇಟ್ಟು, "ಇದನ್ನ ಕೆಡಿಸಬೇಡಿ, ಮಾತ್ರೆ ಡಬ್ಬಿ ಬೇಕಾದ್ರೆ ಬಿಸಾಕಿ" ಅಂದರು. ಹೆಪ್ಪು ಇನ್ನೂ ನಡೀತಾ ಇದೆ.